ಬಾಗಿಲು ಬಲ್ಲ ಬೆರಳು

ಈ ಸಲವೂ ಕಾಗದದ ಮೇಲೆ ಬರೀ ಮಸಿಯ ಮುದ್ದೆಯೇ ಬಿತ್ತು.

"ಬರ್ತಿಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಅಪ್ಪಯ್ಯಣ್ಣ, ಹೆಣದ ಹೆಬ್ಬೆಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ.

ಸರ್ಕಾರಿ ಆಸ್ಪತ್ರೆಯ ಶವಾಗಾರದ ಫಿನಾಯಿಲ್ ವಾಸನೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಚೈತ್ರ ಬೆಳಿಗ್ಗೆಯಿಂದ ಏನೂ ತಿನ್ನದೆ ನಿಂತಿದ್ದಳು. ಹಿಂದಿನ ರಾತ್ರಿಯೆಲ್ಲ ವಿಮಾನ ನಿಲ್ದಾಣದ ರಸ್ತೆಯಲ್ಲಿ ಬಂದೋಬಸ್ತು. ಅದಕ್ಕೂ ಹಿಂದಿನ ರಾತ್ರಿ ಈ ಕೊಲೆಯ ತನಿಖೆ. ಶೂ ಒಳಗೆ ಪಾದ ಊದಿಕೊಂಡು, ಬೇರೆ ಯಾರದೋ ಕಾಲಿನ ಮೇಲೆ ನಿಂತ ಹಾಗೆ ಅನಿಸುತ್ತಿತ್ತು.

"ಬೇರೆ ಬೆರಳು ನೋಡಿ ಅಪ್ಪಯ್ಯಣ್ಣ."

"ಎಲ್ಲಾ ಬೆರಳೂ ಆಯ್ತು. ಒಂದ್ರಲ್ಲೂ ಗೆರೆ ಇಲ್ಲ. ನೀವೇ ನೋಡಿ."

ಚೈತ್ರ ಬಗ್ಗಿದಳು. ಮುದುಕರ ಬೆರಳ ತುದಿಗಳು ಬಳಸಿ ಬಳಸಿ ಉಳಿದ ಸಾಬೂನಿನ ಚೂರುಗಳ ಹಾಗೆ ನುಣ್ಣಗಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಯಾವ ಕಾಲದ್ದೋ ನೀಲಿ.

ರಾಮಲಿಂಗಯ್ಯ ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆಯ ದೊಡ್ಡ ವ್ಯಾಪಾರಿ. ಅದಕ್ಕೂ ಮುಂಚೆ ಅರ್ಧ ಆಯುಷ್ಯವನ್ನು ಬಣ್ಣದ ತೊಟ್ಟಿಯ ಮುಂದೆ ನಿಂತೇ ಕಳೆದವರು. ಕುದಿಯುವ ನೀರಿನಲ್ಲಿ ರೇಷ್ಮೆ ನೂಲಿನ ಲಡಿ ಅದ್ದಿ ತೆಗೆದ ಕೈ ಅದು.

ಚೈತ್ರಳಿಗೆ ಜಡಿಗೇನಹಳ್ಳಿಯ ತನ್ನ ತಾಯಿ ನೆನಪಾದಳು. ತಿಂಗಳು ತಿಂಗಳೂ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಒತ್ತಿ ಸೋತು, "ನಿನ್ ಮಿಷನ್‌ಗೆ ನನ್ ಕೈ ಕಂಡ್ರೆ ಆಗಲ್ಲ ಕಣಪ್ಪ" ಎಂದು ಅಂಗಡಿಯವನನ್ನು ಬೈದು ಬರುವವಳು. ಕಳೆ ಕಿತ್ತು ಕಿತ್ತು ಗೆರೆ ಸವೆದಿತ್ತು. ಅವಳನ್ನು ನೋಡಿ ಎಷ್ಟು ದಿನವಾಯಿತು ಎಂದು ಯೋಚಿಸುತ್ತಿದ್ದ ಚೈತ್ರ ತಟ್ಟನೆ ನೆಟ್ಟಗಾದಳು.

"ಅಪ್ಪಯ್ಯಣ್ಣ, ಇವರು ಗೋದಾಮಿನ ಬಾಗಿಲು ಹೇಗೆ ತೆಗೀತಿದ್ರು?"

"ಫೋನಲ್ಲಿ."

"ಆ ಫೋನನ್ನ ಹೇಗೆ ತೆಗೀತಿದ್ರು?"

ಒರೆಸುತ್ತಿದ್ದ ಬಟ್ಟೆ ಅಪ್ಪಯ್ಯಣ್ಣನ ಕೈಯಲ್ಲಿ ಹಾಗೆಯೇ ನಿಂತಿತು.

ರಾಮಲಿಂಗಯ್ಯನವರ ಮನೆಯ ಮಹಡಿಯ ಮೇಲೆ ರೇಷ್ಮೆ ಗೋದಾಮು. ಅದಕ್ಕೆ ಕೀಲಿಕೈ ಇಲ್ಲ. ಮಗ ಭಾನುಪ್ರಕಾಶ್ ಹೋದ ವರ್ಷ ಹಳೆಯ ಬೀಗ ಕೀಳಿಸಿ, ಮೊಬೈಲ್ ಹಿಡಿದರೆ ತೆರೆಯುವ ಬೀಗ ಹಾಕಿಸಿದ್ದ. ಮೂವರ ಫೋನಿಗೆ ಮಾತ್ರ ಅನುಮತಿ: ಯಜಮಾನರದು, ಮಗನದು, ಸೀರೆಗೆ ಡಿಸೈನ್ ಮಾಡುವ ಸುನಿಲ್‌ಕುಮಾರನದು. ಮೊನ್ನೆ ಬೆಳಿಗ್ಗೆ ಸುನಿಲನ ಫೋನಿಗೆ ಆ ಬಾಗಿಲು ತೆರೆದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರ ಫೋನಿಗೆ. ಸಂಜೆ ಬೆಂಗಳೂರಿನ ಚಿಕ್ಕಪೇಟೆಯಿಂದ ಮರಳಿದ ಭಾನುಪ್ರಕಾಶ್ ಮಹಡಿ ಹತ್ತಿ ಬಾಗಿಲು ತೆಗೆದಾಗ ತಂದೆ ಬೋರಲು ಬಿದ್ದಿದ್ದರು. ತಲೆಯ ಹಿಂಬದಿ ಒಡೆದಿತ್ತು. ಪಕ್ಕದಲ್ಲೇ ಅವರ ಫೋನು.

ಸುನಿಲ್ ಮೊದಲಿನಿಂದ ಹೇಳಿದ್ದು ಒಂದೇ ಮಾತು. "ಬೆಳಿಗ್ಗೆ ನಾನು ಬಾಗ್ಲು ತೆಗೆದಾಗ ಯಜಮಾನ್ರೂ ನನ್ ಹಿಂದೇನೇ ಒಳಗೆ ಬಂದ್ರು. ನಾನು ರೇಷ್ಮೆ ಗಂಟು ಹೊತ್ಕೊಂಡು ಮಗ್ಗದ ಶೆಡ್ಡಿಗೆ ಹೋದೆ. ಅವರು ಒಳಗೇ ಉಳ್ಕೊಂಡ್ರು. ಆಮೇಲೆ ನಾನು ಆ ಕಡೆ ತಲೇನೂ ಹಾಕಿಲ್ಲ ಮೇಡಂ."

ಒಳಗೇ ಇದ್ದ ಮನುಷ್ಯ ಮಧ್ಯಾಹ್ನ ಹೊರಗಿನಿಂದ ಬಾಗಿಲು ತೆಗೆದದ್ದು ಹೇಗೆ? ಆ ಪ್ರಶ್ನೆಗೆ ಅವನು ತಡವರಿಸಿದ್ದ. ಹೊಸ ಸೀರೆಯ ಡಿಸೈನ್ ಪೇಟೆಗೆ ಹೋಗುವ ಮೊದಲೇ ಬೇರೆಯವರ ಕೈ ಸೇರಿತೆಂದು ಯಜಮಾನರು ಅವನ ಮೇಲೆ ಕೂಗಾಡಿದ್ದನ್ನು ಇಡೀ ಶೆಡ್ಡು ಕೇಳಿತ್ತು. ಅಷ್ಟು ಸಾಕಾಗಿತ್ತು. ಬಂಧನದ ಕಾಗದಕ್ಕೆ ನಿನ್ನೆ ಸಂಜೆ ಚೈತ್ರಳೇ ಸಹಿ ಹಾಕಿ, ಬಂದೋಬಸ್ತಿಗೆ ಓಡಿದ್ದಳು. ಸುನಿಲನ ಹೆಂಡತಿ ರಮ್ಯ ಆಗಿನಿಂದಲೂ ಠಾಣೆಯ ಜಗಲಿಯಲ್ಲಿ ಕೂತಿದ್ದಳು. ಅಳುವುದನ್ನೂ ನಿಲ್ಲಿಸಿಬಿಟ್ಟಿದ್ದಳು.

ಆಸ್ಪತ್ರೆಯ ಹೊಂಗೆ ಮರದ ಕೆಳಗೆ ನಿಂತು ಚೈತ್ರ ಬೀಗದ ಕಂಪನಿಗೆ ಫೋನ್ ಮಾಡಿದಳು. ಅಕ್ಷತ ಎಂಬ ಹುಡುಗಿ ಮಾತಿಗೆ ಸಿಕ್ಕಳು.

"ಫೋನ್ ಒಂದಿದ್ರೆ ಸಾಲಲ್ಲ ಮೇಡಂ," ಎಂದಳು ಅಕ್ಷತ. "ಬಾಗಿಲ ಹತ್ರ ಫೋನ್ ಹಿಡಿದಾಗ ಅದು ಬೆರಳು ಕೇಳುತ್ತೆ. ಬೆರಳು ಬೇಡ ಅಂದ್ರೆ ಗುಟ್ಟಿನ ನಂಬರ್ ಒತ್ತಬೇಕು. ಎರಡರಲ್ಲಿ ಒಂದು ಆದ್ಮೇಲೇನೇ ಬೀಗ ಬಿಡೋದು. ಕದ್ದ ಫೋನಲ್ಲಿ ಯಾರೂ ಒಳಗೆ ನುಗ್ಗಬಾರದಲ್ವಾ, ಅದಕ್ಕೆ."

"ಮೊನ್ನೆ ಮಧ್ಯಾಹ್ನ ರಾಮಲಿಂಗಯ್ಯನವರ ಫೋನಿಂದ ತೆಗೆದಾಗ ಯಾವುದು ಆಗಿತ್ತು? ಬೆರಳೋ, ನಂಬರೋ?"

ಕೀಲಿಮಣೆಯ ಸದ್ದು ಕೇಳಿಸಿತು. "ಬೆರಳು ಮೇಡಂ. ಆ ಫೋನಿಂದ ಯಾವಾಗ ತೆಗೆದಿದ್ರೂ ಬೆರಳೇ."

"ಯಾರ ಬೆರಳು ಅಂತ ಗೊತ್ತಾಗುತ್ತಾ?"

"ಅದು ನಮಗೆ ಬರಲ್ಲ. ಫೋನಿಗೆ ಪರಿಚಯ ಇರೋ ಬೆರಳು, ಅಷ್ಟೇ. ಪರಿಚಯ ಮಾಡಿಸಿದ ದಿನ ಯಾರು ಬೆರಳು ಇಟ್ಟಿದ್ರೋ ಅವರದ್ದು."

"ಒಳಗಿದ್ದವರು ಬಾಗಿಲು ತೆಗೆದ್ರೆ?"

"ಒಳಗಿಂದ ಬರೀ ಹಿಡಿ ತಿರುಗಿಸಿದ್ರೆ ಸಾಕು. ಅದು ಎಲ್ಲೂ ದಾಖಲಾಗಲ್ಲ. ಬಾಗಿಲು ಬಿಟ್ಟ ತಕ್ಷಣ ತಾನೇ ಮುಚ್ಕೊಂಡು ಬೀಗ ಬೀಳುತ್ತೆ." ಅಕ್ಷತ ತಡೆದು ಕೇಳಿದಳು, "ಆ ಫೋನ್ ಆಫ್ ಆಗಿಲ್ಲ ತಾನೇ ಮೇಡಂ? ಆಫ್ ಆಗಿದ್ರೆ ಬೆರಳು ನಡಿಯಲ್ಲ, ನಂಬರೇ ಕೇಳುತ್ತೆ."

ಆಫ್ ಆಗಿರಲಿಲ್ಲ. ಪ್ರಯೋಗಾಲಯಕ್ಕೆ ಕಳಿಸುವ ಮುನ್ನ ಅಪ್ಪಯ್ಯಣ್ಣ ಅದನ್ನು ಚಾರ್ಜಿಗೆ ಹಾಕಿಟ್ಟಿದ್ದ.

ಫೋನ್ ಕೆಳಗಿಳಿಸುವಷ್ಟರಲ್ಲಿ ಇನ್ಸ್‌ಪೆಕ್ಟರರ ಕರೆ ಬಂತು.

"ಎಲ್ಲಿದ್ದೀಯಮ್ಮ? ಆ ಸುನಿಲನ್ನ ಸಂಜೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು, ನೆನಪಿದೆ ತಾನೇ?"

"ಒಂದು ಅನುಮಾನ ಬಂದಿದೆ ಸಾರ್. ಮಧ್ಯಾಹ್ನ ಬಾಗಿಲು ತೆಗೆದಿದ್ದು ರಾಮಲಿಂಗಯ್ಯನೋರಲ್ಲ ಅನ್ಸುತ್ತೆ."

"ಬಾಗಿಲೇ ಸಾಕ್ಷಿ ಹೇಳ್ತಿದೆ, ಇನ್ನೇನು ಬೇಕು ನಿನಗೆ? ನಿದ್ದೆಗೆಟ್ಟಿದ್ದೀಯ. ಕಾಗದ ಮುಗಿಸಿ ಮನೆಗೆ ಹೋಗಿ ಮಲಗು."

ಮಲಗು ಎಂಬ ಆ ಮಾತಿಗೆ ಅವಳ ಇಡೀ ಮೈ ಹೂಂ ಎಂದಿತು. ಮರಕ್ಕೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೂ ಗೆರೆಯಿಲ್ಲದ ಆ ಹೆಬ್ಬೆಟ್ಟು.

"ಅಪ್ಪಯ್ಯಣ್ಣ, ಜೀಪ್ ತೆಗೀರಿ. ಸ್ಟೇಶನ್ನಲ್ಲಿ ಫೋನ್ ಎತ್ಕೊಂಡು ಅವರ ಮನೆಗೆ ಹೋಗೋಣ."

"ಪಂಚ ಸಾಕ್ಷಿಗಳನ್ನ ಕರ್ಕೊಳ್ದೆ ಅದನ್ನ ಮುಟ್ಟಿದ್ರೆ ಕೋರ್ಟಲ್ಲಿ ನಿಲ್ಲಲ್ಲ ಮೇಡಂ."

"ಕೋರ್ಟ್ ಆಮೇಲೆ. ಮೊದಲು ನನಗೆ ಗೊತ್ತಾಗಲಿ."

ಮನೆಯ ಮುಂದೆ ಶಾಮಿಯಾನ ಹಾಕಿ ಪ್ಲಾಸ್ಟಿಕ್ ಕುರ್ಚಿ ಹರವಿದ್ದರು. ಹೆಣ ಇನ್ನೂ ಬಂದಿರಲಿಲ್ಲ. ಅಳುವವರು ಅತ್ತು ಮುಗಿಸಿ, ಮತ್ತೆ ಅಳುವ ಹೊತ್ತಿಗೆ ಕಾಯುತ್ತ ಕೂತಿದ್ದರು. ಮನೆಯ ಮಗ್ಗಗಳು ನಿಂತಿದ್ದವು. ಪಕ್ಕದ ಬೀದಿಗಳ ಮಗ್ಗಗಳು ಮಾತ್ರ ಎಂದಿನಂತೆ ಖಟಖಟ ಎನ್ನುತ್ತಿದ್ದವು.

ಭಾನುಪ್ರಕಾಶ್ ಗೇಟಿನಲ್ಲೇ ಎದುರಾದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು.

"ಇನ್ನೂ ಎಷ್ಟು ಸಲ ಬರ್ತೀರಿ ಮೇಡಂ? ಮಾಡಿದೋನು ಸಿಕ್ಕಿದ್ದಾನಲ್ಲ. ಅಪ್ಪ ಬರೋ ಹೊತ್ತಾಯ್ತು, ನಮ್ಮನ್ನ ನಮ್ ಪಾಡಿಗೆ ಬಿಡಿ."

"ಒಂದೇ ಪ್ರಶ್ನೆ. ಗೋದಾಮಿನ ಬಾಗಿಲಿಗೆ ನಿಮ್ಮ ತಂದೆಯವರ ಫೋನನ್ನ ಯಾರು ಸೆಟ್ ಮಾಡ್ಕೊಟ್ರು?"

"ನನ್ ಹೆಂಡ್ತಿ ವಾಣಿ. ಯಾಕೆ?"

"ಬಾಗಿಲು ತೆಗೆಯೋಕೆ ಅವರು ಕಷ್ಟ ಪಡ್ತಿರಲಿಲ್ವಾ?"

"ನಾನು ಮನೇಲಿರೋದೇ ಕಮ್ಮಿ. ನನಗಂತೂ ಏನೂ ಹೇಳಿಲ್ಲ." ಅವನು ಶಾಮಿಯಾನದ ಕಡೆ ಕೈ ತೋರಿಸಿದ. "ಈಗಲೇ ಕೇಳ್ಬೇಕಾ ಇದೆಲ್ಲ?"

"ನಿಮ್ಮ ಮನೆಯವರನ್ನ ಮಹಡಿ ಮೇಲೆ ಕಳಿಸಿ. ಬೇಗ ಬಿಟ್ಬಿಡ್ತೀನಿ."

ಗೋದಾಮಿಗೆ ಮೆಟ್ಟಿಲು ಮನೆಯ ಪಕ್ಕದ ಓಣಿಯಿಂದ. ಯಾರು ಬೇಕಾದರೂ ಹತ್ತಬಹುದು, ಬಾಗಿಲವರೆಗೆ. ಹತ್ತುವಾಗ ಚೈತ್ರ ಕಂಬಿ ಹಿಡಿದುಕೊಂಡಳು. ಮೇಲೆ ಉಕ್ಕಿನ ಬಾಗಿಲು, ಅದರ ಮೈಯಲ್ಲಿ ಅಂಗೈಯಗಲದ ಕಪ್ಪು ಪಟ್ಟಿ. ಅದರಲ್ಲೊಂದು ಸಣ್ಣ ದೀಪ.

ವಾಣಿ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ತಲೆ ಬಾಚಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅಪ್ಪಯ್ಯಣ್ಣ ಕೆಳಗಿನ ಮೆಟ್ಟಿಲಲ್ಲಿ ಕಾಗದ ಪೆನ್ನು ಹಿಡಿದು ನಿಂತ.

"ನಿಮ್ಮ ಮಾವನ ಬೆರಳಲ್ಲಿ ಗೆರೆಯೇ ಇಲ್ಲ ವಾಣಿ," ಎಂದಳು ಚೈತ್ರ. ಸುತ್ತಿ ಬಳಸಿ ಕೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಆ ಬೆರಳನ್ನ ಯಾವ ಫೋನೂ ಗುರುತು ಹಿಡಿಯಲ್ಲ. ಆದ್ರೆ ಮೊನ್ನೆ ಈ ಬಾಗಿಲು ಬೆರಳಿಗೇ ತೆರೆದಿದೆ. ಆ ಬೆರಳು ಯಾರದ್ದು?"

ವಾಣಿ ಬಾಗಿಲನ್ನೇ ನೋಡುತ್ತ ನಿಂತಳು. ಕೆಳಗೆ ಯಾರೋ ಕಾಫಿ ಲೋಟ ಒಂದರೊಳಗೊಂದು ಜೋಡಿಸುತ್ತಿದ್ದ ಸದ್ದು.

"ಫೋನ್ ಸೆಟ್ ಮಾಡಿದ್ದು ನೀವು."

"ಹೂಂ."

"ಅವತ್ತು ಬೆರಳು ಇಟ್ಟಿದ್ದು ಯಾರು?"

"ನಾನೇ." ಮಾತು ಬೇಗ ಬಂತು, ಬೇಕಾದ್ದಕ್ಕಿಂತ ಬೇಗ. "ಮಾವಂದು ಹತ್ತಲಿಲ್ಲ. ನಂದೇ ಹಾಕ್ಬಿಟ್ಟೆ. ಅವರಿಗೆ ಬೇಕಾದಾಗೆಲ್ಲ ನಾನೇ ಬಂದು ತೆಗೆದುಕೊಡ್ತಿದ್ದೆ."

"ಮೊನ್ನೆ ಮಧ್ಯಾಹ್ನ?"

"ಮೊನ್ನೇನೂ ನಾನೇ. ಬಾಗ್ಲು ತೆಗೆದು ಅವರನ್ನ ಒಳಗೆ ಬಿಟ್ಟು ಕೆಳಗೆ ಹೋದೆ. ಅಷ್ಟೇ ಗೊತ್ತು ನನಗೆ."

"ಎರಡು ದಿನದಿಂದ ಯಾಕೆ ಹೇಳಲಿಲ್ಲ? ಅಲ್ಲಿ ಒಬ್ಬನ ಹೆಂಡತಿ ಅನ್ನ ನೀರು ಬಿಟ್ಟು ಕೂತಿದ್ದಾಳೆ."

"ಹೆದರಿಕೆ ಆಯ್ತು."

ಚೈತ್ರ ಕೈಗವಸು ಹಾಕಿಕೊಂಡು ಚೀಲದಿಂದ ರಾಮಲಿಂಗಯ್ಯನವರ ಫೋನ್ ತೆಗೆದು ಬಾಗಿಲ ಪಟ್ಟಿಯ ಹತ್ತಿರ ಹಿಡಿದಳು. ಪರದೆ ಬೆಳಗಿ ಬೆರಳಿನ ಚಿತ್ರ ಮೂಡಿತು.

"ಇಡಿ."

ವಾಣಿ ಹೆಬ್ಬೆಟ್ಟು ಇಟ್ಟಳು. ಫೋನು ಕೈಯಲ್ಲಿ ಸಣ್ಣಗೆ ನಡುಗಿತು. ಬಾಗಿಲ ಮೇಲೆ ಕೆಂಪು ದೀಪ.

"ಬೆವರಿದೆ," ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಕೆಂಪು. ತೋರುಬೆರಳು ಇಟ್ಟಳು. ಎಡಗೈಯದ್ದು ಇಟ್ಟಳು. ಪ್ರತಿ ಸಲವೂ ಇನ್ನಷ್ಟು ಬಲವಾಗಿ ಒತ್ತುತ್ತಿದ್ದಳು, ಬಲವಾಗಿ ಒತ್ತಿದರೆ ಫೋನು ಸುಳ್ಳು ಹೇಳಲು ಒಪ್ಪಿಕೊಳ್ಳುತ್ತದೆ ಎಂಬಂತೆ. ಕಡೆಗೆ ಅದು, ತುಂಬಾ ಸಲ ಆಯಿತು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು.

ವಾಣಿ ಕೈ ಹಿಂದೆಗೆದು ಮೆಟ್ಟಿಲ ಮೇಲೆ ಕೂತಳು.

"ಯಾರನ್ನ ಕಾಪಾಡ್ತಿದ್ದೀರಿ?" ಚೈತ್ರಳೂ ಅವಳ ಪಕ್ಕದಲ್ಲೇ ಕೂತುಬಿಟ್ಟಳು. "ಗಂಡನ್ನಾ?"

"ಅವರು ಊರಲ್ಲೇ ಇರಲಿಲ್ಲ. ನೀವೇ ವಿಚಾರಿಸಿದ್ದೀರಲ್ಲ."

"ಮತ್ತೆ?"

ವಾಣಿಯ ಕಣ್ಣು ತಾನಾಗಿ ಕೆಳಗೆ ಓಣಿಯ ಕಡೆ ಹೋಯಿತು. ಅಲ್ಲಿಂದ ಒಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ನಿಂತು, ಉಸಿರು ಎಳೆದುಕೊಂಡು ಮತ್ತೆ ಮುಂದಿನದಕ್ಕೆ. ಅಪ್ಪಯ್ಯಣ್ಣ ಗೋಡೆಗೆ ಸರಿದು ದಾರಿ ಬಿಟ್ಟ.

ರಾಮಲಿಂಗಯ್ಯನವರ ಹೆಂಡತಿ ನಾರಾಯಣಮ್ಮ. ಹಣೆಯ ಕುಂಕುಮವನ್ನು ಇನ್ನೂ ಯಾರೂ ಅಳಿಸಿರಲಿಲ್ಲ.

"ಅತ್ತೆ, ನೀವ್ಯಾಕೆ ಹತ್ತೋಕೆ ಹೋದ್ರಿ? ಕೆಳಗಿರಿ," ವಾಣಿ ಎದ್ದು ಅಡ್ಡ ನಿಂತಳು.

"ಪಕ್ಕಕ್ಕೆ ಸರಿ ಕಣೆ," ಎಂದರು ನಾರಾಯಣಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ಕೆಲಸ ಮಾಡಿ ಕೊನೆಯ ಪಾತ್ರೆ ತೊಳೆಯಲು ಕೂತವರ ದನಿ. "ಕೊಡವ್ವ ಇಲ್ಲಿ ಆ ಫೋನು."

ಚೈತ್ರ ಎದ್ದು ಫೋನನ್ನು ಬಾಗಿಲಿಗೆ ಹಿಡಿದಳು; ಅಷ್ಟರಲ್ಲಿ ಅದು ಮತ್ತೆ ಬೆರಳು ಕೇಳತೊಡಗಿತ್ತು. ಮುದುಕಿ ಬಲಗೈ ಹೆಬ್ಬೆಟ್ಟನ್ನು ನಾಲಿಗೆಗೆ ತಾಗಿಸಿ, ಸೀರೆಗೆ ಒರೆಸಿ, ಮೆಲ್ಲಗೆ ಪರದೆಯ ಮೇಲಿಟ್ಟರು.

ಹಸಿರು ದೀಪ. ಕಟಕ್ ಎಂದು ಬೀಗ ಬಿಟ್ಟಿತು. ಬಾಗಿಲ ಸಂದಿಯಿಂದ ಹೊಸ ರೇಷ್ಮೆಯ ವಾಸನೆ, ಅದರ ಹಿಂದೆಯೇ ಒಣಗಿದ ರಕ್ತದ ವಾಸನೆ ಹೊರಗೆ ಬಂತು.

"ಇದನ್ನ ತಂದ ದಿನ ಎಷ್ಟು ಒತ್ತಿದ್ರೂ ಅವರ ಬೆರಳು ಹತ್ತಲಿಲ್ಲ," ಎಂದರು ನಾರಾಯಣಮ್ಮ. "ಮಗನ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಅವರಿಗೆ. 'ನಿಂದು ಇಡೇ' ಅಂದ್ರು. ಇಟ್ಟೆ. ಇವಳೇ ಕೂತು ಸರಿ ಮಾಡ್ಕೊಟ್ಟಳು. ಅವತ್ತಿಂದ ಅವರು ರೇಷ್ಮೆ ನೋಡ್ಬೇಕು ಅಂದಾಗೆಲ್ಲ ನಾನು ಈ ಮಂಡಿ ಇಟ್ಕೊಂಡು ಮೆಟ್ಲು ಹತ್ತಬೇಕಿತ್ತು. ಫೋನೂ ನನ್ ಹತ್ರಾನೇ ಇರ್ತಿತ್ತು, ಅಡುಗೆಮನೇಲಿ."

"ಮೊನ್ನೆ ಅವರ ಜೊತೆ ಹತ್ತಿದ್ರಾ?"

"ಇಲ್ಲ. ಬೆಳಿಗ್ಗೆ ಸುನಿಲ ತೆಗೆದಾಗ ಅವನ ಹಿಂದೇನೇ ಹೋಗಿದ್ರು. ಅನ್ನ ಆರ್ತಾ ಬಂದ್ರೂ ಇಳಿಲಿಲ್ಲ. ಕೂಗಿದೆ, ಓಗೊಡಲಿಲ್ಲ. ಫೋನ್ ತಗೊಂಡು ಹತ್ತಿದೆ."

ಚೈತ್ರ ಲೆಕ್ಕ ಹಾಕಿದಳು. ಹಾಗಾದರೆ ಸುನಿಲ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದ ನಡುವೆ ಯಾರೋ ಬಂದು ಬಾಗಿಲು ಬಡಿದಿದ್ದಾರೆ. ರಾಮಲಿಂಗಯ್ಯ ಒಳಗಿನಿಂದ ಹಿಡಿ ತಿರುಗಿಸಿ, ತಾವೇ ಒಳಗೆ ಕರೆದುಕೊಂಡಿದ್ದಾರೆ. ಯಾವ ದಾಖಲೆಯಲ್ಲೂ ಅದು ಬಿದ್ದಿಲ್ಲ.

"ನೀವು ಬಾಗಿಲು ತೆಗೆದಾಗ ಅವರು ಸತ್ತಿದ್ರಾ ಅಮ್ಮ?"

ನಾರಾಯಣಮ್ಮ ತೆರೆದ ಬಾಗಿಲಿನೊಳಗೆ ನೋಡಲಿಲ್ಲ. ಚೈತ್ರಳ ಭುಜದ ಮೇಲಿನ ನಕ್ಷತ್ರಗಳನ್ನು ನೋಡುತ್ತಿದ್ದರು.

"ಉಸಿರಿತ್ತು."

"ಅತ್ತೆ!" ವಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಮಾತು ಅವಳಿಗೂ ಗೊತ್ತಿರಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ತಲೆ ತೊಡೆ ಮೇಲಿಟ್ಕೊಂಡೆ. ಕಣ್ ಬಿಟ್ರು. 'ಯಾರು ಮಾಡಿದ್ದು' ಅಂತ ಕೇಳ್ದೆ. ಒಂದು ಹೆಸರು ಹೇಳಿದ್ರು. ಇನ್ನೊಂದ್ಸಲ ಕೇಳ್ದೆ, ಅದೇ ಹೆಸರು ಹೇಳಿದ್ರು. ಆಮೇಲೆ 'ನೀರು' ಅಂದ್ರು." ಮುದುಕಿ ಕಂಬಿ ಹಿಡಿದರು. "ನೀರು ತರೋಕೆ ಅಂತಾನೇ ಎದ್ದೆ ತಾಯಿ. ಬಾಗ್ಲಿಗೆ ಬಂದಾಗ ಯೋಚನೆ ಬಂತು. ಇವರು ಬದುಕಿದ್ರೆ ಆ ಹೆಸರು ಎಲ್ಲರ ಮುಂದೆ ಹೇಳ್ತಾರೆ. ಹಠದ ಮನುಷ್ಯ, ಹೇಳದೆ ಬಿಡಲ್ಲ. ಹೇಳಿದ್ರೆ ಹೊಡೆದೋರು ನನ್ ಮಗ ಸೊಸೆ ಇಬ್ರನ್ನೂ ಉಳಿಸಲ್ಲ. ಬಾಗ್ಲು ಹಿಡ್ಕೊಂಡು ನಿಂತೇ ಇದ್ದೆ. ಕೈ ಸೋತುಹೋಯ್ತು. ಬಾಗ್ಲು ಬಿಟ್ಟೆ. ಅದೇ ಮುಚ್ಕೊಳ್ತು."

"ಮತ್ತೆ ತೆಗೀಬಹುದಿತ್ತಲ್ಲ..."

"ಫೋನು ಒಳಗೇ ಉಳೀತು. ಅವರ ಪಕ್ಕದಲ್ಲೇ ಇಟ್ಟಿದ್ದೆ." ನಾರಾಯಣಮ್ಮ ತಮ್ಮ ಹೆಬ್ಬೆಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. "ಮನಸ್ಸು ಬದಲಾಯಿಸೋಣ ಅಂದ್ರೂ ಆಗ್ಲಿಲ್ಲ. ಬೆರಳು ಒಂದೇ ಇಟ್ಕೊಂಡು ಏನ್ ಮಾಡ್ಲಿ? ಬಾಗ್ಲು ಗುದ್ದಿದೆ. ಕೆಳಗೆ ಮಗ್ಗದ ಸದ್ದು. ಯಾರಿಗೂ ಕೇಳಲಿಲ್ಲ. ಇಳಿದು ಹೋಗಿ ಸುನಿಲನ್ನ ಕರೆಯೋಕೆ ಧೈರ್ಯ ಸಾಲಲಿಲ್ಲ."

ಚೈತ್ರಳಿಗೆ ಈ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಬರೀ ಸುಸ್ತು, ಮೂಳೆಯವರೆಗೆ.

"ಆ ಹೆಸರು ಹೇಳಿ ಅಮ್ಮ."

"ನಂದೇ ಹೆಸರು ಮೇಡಂ," ವಾಣಿ ನಡುವೆ ನುಗ್ಗಿದಳು. "ಮಾವನಿಗೆ ಹೊಡೆದೋಳು ನಾನು. ಅತ್ತೇನ ಬಿಟ್ಬಿಡಿ."

"ಸುಮ್ನಿರೇ. ಅತ್ತೇನೇ ಕೊಂದಳು ಅನ್ಕೊಂಡು ಎರಡು ದಿನದಿಂದ ಒದ್ದಾಡ್ತಿದ್ದೀಯ, ಸಾಕು." ನಾರಾಯಣಮ್ಮ ಸೊಸೆಯ ಕೆನ್ನೆ ಮುಟ್ಟಿ ಚೈತ್ರಳ ಕಡೆ ತಿರುಗಿದರು. "ಇವಳ ಹೆಸರಲ್ಲ. ಭಾನೂದೂ ಅಲ್ಲ. ಆ ಸುನಿಲಂದಂತೂ ಅಲ್ಲವೇ ಅಲ್ಲ, ಅವನನ್ನ ಮನೆಗೆ ಕಳ್ಸಿ."

"ಸರಿ. ನನ್ ಜೊತೆ ಬನ್ನಿ. ಸ್ಟೇಶನ್ನಲ್ಲಿ ಕೂತು ನಿಧಾನವಾಗಿ..."

ಮುದುಕಿಯ ಮುಖದಲ್ಲಿ ಮೊದಲ ಸಲ ಭಯ ಕಂಡಿತು. ಅವರು ಚೈತ್ರಳ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸ್ಟೇಶನ್ ಒಂದು ಬಿಟ್ಟು ಬೇರೆ ಎಲ್ಲಿಗಾದ್ರೂ ಕರ್ಕೊಂಡು ಹೋಗು ತಾಯಿ. ಆ ಹೆಸರಿನೋರು ನಿನ್ ಸ್ಟೇಶನ್ನೋರೇ."

ಕಾಗದ ಮುಗಿಸಿ ಮಲಗು ಎಂದಿದ್ದ ಇನ್ಸ್‌ಪೆಕ್ಟರರ ಅವಸರ ಚೈತ್ರಳಿಗೆ ನೆನಪಾಯಿತು. ಕೆಳಗಿನ ಮೆಟ್ಟಿಲಲ್ಲಿ ಅಪ್ಪಯ್ಯಣ್ಣ ಬರೆಯುವುದನ್ನು ನಿಲ್ಲಿಸಿದ. ಆದರೆ ತಲೆ ಎತ್ತಿ ಚೈತ್ರಳ ಕಡೆ ನೋಡಲಿಲ್ಲ.